ಕಿಲ್ಕೆನ್ನಿಯ ತೋಳ, ಕೈವಾರದ ಬಕ

ನಮ್ಮ ಶಾಲೆಗಳ ಚಿತ್ರಕಲೆಯ ತರಗತಿಯಲ್ಲಿ ‘ನಿಸರ್ಗದೃಶ್ಯ ಬರೆಯಿರಿ’ ಎಂದೊಡನೆ ಮಕ್ಕಳು ಬರೆಯುವ ಚಿತ್ರವು ಎರಡು ಮೂರು ತಲೆಮಾರುಗಳಿಂದ ಬದಲಾದುದಿಲ್ಲ: ತ್ರಿಕೋಣಾಕೃತಿಯ ಎರಡು ಬೆಟ್ಟ, ಅವುಗಳ ಸಂದಿಯಲ್ಲಿ ಕಿರಣಸಹಿತನಾದ ಅರ್ಧಸೂರ್ಯ, ಬೆಟ್ಟದ ಬುಡದಿಂದ ಹೊರಟು ಕಾಗದದ ಅಂಚಿಗೆ ಬರುವಷ್ಟರಲ್ಲಿ ಸಾಗರದಷ್ಟು ಅಗಲವಾಗುವ ಹೊಳೆ, ದಡದಲ್ಲೊಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಚಿಕ್ಕಬಳ್ಳಾಪುರದ ಹುಡುಗನು ಬರೆಯುವುದೂ ಇದನ್ನೇ. ಅವನು ತಲೆಯೆತ್ತಿ ಕಿಟಕಿಯಿಂದ ಹೊರಗೆ ನೋಡಿದನಾದರೆ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರಕ್ಕೆ ಎದ್ದುನಿಂತ ನಂದಿಬೆಟ್ಟವೂ, ಅದರ ನೆರೆಯ ಸ್ಕಂದಗಿರಿ ಬ್ರಹ್ಮಗಿರಿಗಳೂ, ತ್ರಿಕೋಣದ ಗಂಧವೇ ಇಲ್ಲದೆ, ಮೆಲುಕು ಹಾಕುತ್ತ ಮಲಗಿದ ದನಗಳ ಬೆನ್ನಿನಂತೆ ದುಂಡುದುಂಡಾಗಿ ಕಾಣಿಸುತ್ತವೆ. ಹೊಳೆಯೆಂದರೋ, ಪಿನಾಕಿನಿ ಪಾಲಾರುಗಳಿಗೆ ತವರೆನಿಸಿದ ಈ ಸೀಮೆಯಲ್ಲಿ ವರ್ಷದ ಬಹುಭಾಗ ಅದರ ಹೆಸರಿನಲ್ಲಿ ಮರಳು ಮಾತ್ರ ಇರುತ್ತದೆ. ನಾನು ಬಾಲ್ಯದಲ್ಲಿ ಒಮ್ಮೆ ಬೆಟ್ಟವನ್ನು ಕಂಡಂತೆಯೇ ಬರೆದು, ಅದು ಬೆಟ್ಟದಂತೆ ಕಾಣುವುದಿಲ್ಲವೆಂಬ ಕಾರಣದಿಂದ ಬೆಂಚಿನ ಮೇಲೆ ನಿಂತವನು. ಆದುದರಿಂದ ಈ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಖಾರವಾದರೆ ವಾಚಕರು ಮನ್ನಿಸಬೇಕು.

ಐರ್ಲೆಂಡಿನ ಹಳೆಯ ಜನಪದ ಕಥೆಗಳನ್ನು ಆಯ್ದು, ಅವುಗಳನ್ನು ಚಿತ್ರಕಲೆಯ ತರಗತಿಯಲ್ಲಿ ವಿದ್ಯಾರ್ಥಿಗಳ ಕೈಯಿಂದಲೇ ಚಲಿಸುವ ಚಿತ್ರಗಳನ್ನಾಗಿ ಮಾಡಿಸುವ ಒಂದು ಬೋಧನಕ್ರಮವುಂಟು. ಹಂಸಗಳಾಗಿ ಒಂಬೈನೂರು ವರ್ಷ ನೀರಿನ ಮೇಲೆ ಕಳೆದ ಲಿರ್ ದೊರೆಯ ನಾಲ್ವರು ಮಕ್ಕಳು. ಜ್ಞಾನದ ಮೀನನ್ನು ಗುರುವಿಗಾಗಿ ಬೇಯಿಸುವಾಗ ಹೆಬ್ಬೆರಳು ಸುಟ್ಟುಕೊಂಡು, ಅದನ್ನು ಬಾಯಿಗಿಟ್ಟೊಡನೆ ಸರ್ವಜ್ಞನಾದ ಬಾಲಕ ಫಿನ್. ಮುಪ್ಪಿಲ್ಲದ ನಾಡಿನಿಂದ ಮುನ್ನೂರು ವರ್ಷಗಳ ಮೇಲೆ ತವರಿಗೆ ಮರಳಿ, ಕುದುರೆಯಿಂದ ಜಾರಿ ನೆಲ ಮುಟ್ಟಿದ ಕ್ಷಣದಲ್ಲಿ ಹಣ್ಣುಹಣ್ಣು ಮುದುಕನಾದ ಆಶೀನ್ — ಇವು ಅಲ್ಲಿನ ಪಾಠಕ್ಕೆ ಒದಗುವ ಕಥೆಗಳು. ಬ್ರಹ್ಮಲೋಕಕ್ಕೆ ಮಗಳೊಡನೆ ಹೋಗಿ, ಒಂದು ಗಾಯನ ಕೇಳಿ ಮುಗಿಯುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿಹೋದುದನ್ನು ಕಂಡ ರೈವತ ರಾಜನ ಭಾಗವತದ ಕಥೆಯನ್ನು ಬಲ್ಲವರಿಗೆ ಆಶೀನನ ಕಥೆ ಪರದೇಶದ್ದೆಂದೇ ತೋರದು. ಆದರೂ, ಶಿಡ್ಲಘಟ್ಟದ ರೇಷ್ಮೆಹುಳು ಮನೆಯ ಪಕ್ಕದ ಶಾಲೆಯಲ್ಲಿ ಓದುವ ಮಗುವಿಗೂ ಅಟ್ಲಾಂಟಿಕ್ ಸಾಗರದ ಆ ದ್ವೀಪಕ್ಕೂ ಏನು ಬಾದರಾಯಣ ಸಂಬಂಧ ಎಂದು ಕೇಳುವವರು ಕೇಳಿಯಾರು. ಸಂಬಂಧವಿದೆ, ಅದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗಡಿಯಿಂದ ಬಹು ದೂರವೂ ಇಲ್ಲ.

ಚಿಂತಾಮಣಿಯಿಂದ ಮೂಡಣ ದಾರಿ ಹಿಡಿದು ಆಂಧ್ರವನ್ನು ಹೊಕ್ಕರೆ ಮದನಪಲ್ಲಿ ಸಿಗುತ್ತದೆ. ಅಲ್ಲಿಯ ಥಿಯಸಾಫಿಕಲ್ ಕಾಲೇಜಿನಲ್ಲಿ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ ಅಧ್ಯಾಪಕರಾಗಿದ್ದರು. ಡಬ್ಲಿನ್ನಿನಲ್ಲಿ ಯೇಟ್ಸ್ ಮೊದಲಾದವರ ಒಡನಾಟದಲ್ಲಿ ಬೆಳೆದು, ತಮ್ಮ ನಾಡಿನ ಪುರಾಣಗಳನ್ನು ಕಾವ್ಯಕ್ಕೂ ನಾಟಕಕ್ಕೂ ತಂದು, 1915ರಲ್ಲಿ ಪತ್ನಿಸಮೇತರಾಗಿ ಭಾರತಕ್ಕೆ ಬಂದವರು ಅವರು. 1919ರಲ್ಲಿ ರವೀಂದ್ರನಾಥ ಠಾಕೂರರು ಈ ದಂಪತಿಗಳ ಅತಿಥಿಯಾಗಿ ಮದನಪಲ್ಲಿಯಲ್ಲಿ ತಂಗಿದ್ದಾಗ ‘ಜನಗಣಮನ’ದ ರಾಗವನ್ನು ಸ್ವರಲಿಪಿಗೆ ಇಳಿಸಿದವರು ಮಾರ್ಗರೆಟ್ ಕಸಿನ್ಸ್. ಇದೇ ಜೇಮ್ಸ್ ಕಸಿನ್ಸರು 1924ರಲ್ಲಿ ಮೈಸೂರಿಗೆ ಬಂದಿದ್ದಾಗ, ಮಲೆನಾಡಿನ ಒಬ್ಬ ಹೈಸ್ಕೂಲು ವಿದ್ಯಾರ್ಥಿ ತಾನು ಇಂಗ್ಲಿಷಿನಲ್ಲಿ ಬರೆದ ಕವಿತೆಗಳನ್ನು ಹಿಡಿದುಕೊಂಡು ಅವರ ಮುಂದೆ ಹೋಗಿ ನಿಂತನು. ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಕಿರುಹೊತ್ತಗೆ ಅಷ್ಟರಲ್ಲಾಗಲೇ ಅವನ ಹೆಸರಿನಲ್ಲಿ ಅಚ್ಚಾಗಿತ್ತು. ಕಸಿನ್ಸರು ಓದಿ ನೋಡಿ, ನಿನ್ನ ಸ್ವಂತ ಭಾಷೆಯಲ್ಲಿ ಏನಾದರೂ ಬರೆದಿರುವೆಯಾ ಎಂದು ವಿಚಾರಿಸಿ, ಕನ್ನಡದಲ್ಲಿಯೇ ಬರೆಯುವಂತೆ ಬುದ್ಧಿ ಹೇಳಿದರು. ಹುಡುಗನು ಮುಖ ಸಣ್ಣದು ಮಾಡಿಕೊಂಡು ಹೊರಟನಾದರೂ ಮಾತು ನಾಟಿತು. ಆ ವಿದ್ಯಾರ್ಥಿ ಕೆ.ವಿ. ಪುಟ್ಟಪ್ಪ. ಮುಂದೆ ಅವರು ಬ್ರೌನಿಂಗನ ಜರ್ಮನ್ ಊರಿನ ಇಲಿಗಳ ಕಥೆಯನ್ನು ಬೊಮ್ಮನಹಳ್ಳಿಗೆ ತಂದು, ಕಿಂದರಿಜೋಗಿಯನ್ನು ನಮ್ಮ ಮನೆಯವನನ್ನಾಗಿ ಮಾಡಿದ ಬಗೆಯನ್ನು ಕನ್ನಡದ ಮಕ್ಕಳಿಗೆ ಹೇಳಿಕೊಡಬೇಕಾದುದಿಲ್ಲ.

ಐರಿಷ್ ಕಥೆಯಿಂದ ನಮ್ಮ ಚಿತ್ರಕಲಾ ತರಗತಿಗೆ ಆಗಬೇಕಾದ ಪ್ರಯೋಜನವೂ ಕಸಿನ್ಸರ ಆ ಮಾತಿನ ಬಗೆಯದೇ. ಅವರ ಹಂಸವನ್ನೂ ಅವರ ಮೀನನ್ನೂ ನಮ್ಮ ಮಕ್ಕಳು ನಕಲು ಮಾಡಿ ಗೋಡೆಗೆ ಅಂಟಿಸಿದ ಮಾತ್ರಕ್ಕೆ ಏನೂ ಆಗದು. ಆ ಜನ ತಮ್ಮ ಕಥೆಗೆ ತಮ್ಮ ಮಣ್ಣಿನದೇ ಆದ ಗೆರೆಯನ್ನು ಹೇಗೆ ಹುಡುಕಿಕೊಂಡರೆಂಬುದನ್ನು ನೋಡಿ, ನಮ್ಮ ಗೆರೆ ಎಲ್ಲಿದೆಯೆಂದು ಅರಸಹೊರಟರೆ ಆಗ ಪಾಠ ಫಲಿಸಿತು.

ಅವರು ಮೊದಲು ಮಾಡಿದ ಕೆಲಸ ಬರೆಯುವುದಲ್ಲ, ಕೇಳುವುದು. 1937ರಿಂದ 1939ರವರೆಗೆ ಐರಿಷ್ ಜನಪದ ಆಯೋಗವು ಶಿಕ್ಷಣ ಇಲಾಖೆಯ ಸಹಕಾರದಿಂದ ಒಂದು ವಿಚಿತ್ರವಾದ ಏರ್ಪಾಟನ್ನು ಮಾಡಿತು. ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಲ್ಲಿ ಓದುವ, ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳು ವಾರದ ಪ್ರಬಂಧಕ್ಕೆ ಬದಲಾಗಿ ಮನೆಯ ಹಾಗೂ ನೆರೆಯ ಹಿರಿಯರ ಬಳಿ ಕುಳಿತು, ಅವರ ಬಾಯಿಂದ ಬಂದ ಕಥೆ, ಗಾದೆ, ಮದ್ದು, ಹಬ್ಬ, ಬಾವಿ, ಬೆಟ್ಟ, ದೆವ್ವಗಳ ಸಂಗತಿಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ಬರಬೇಕು. ಸುಮಾರು 5,000 ಶಾಲೆಗಳ 50,000ದಷ್ಟು ಮಕ್ಕಳು ಹೀಗೆ ಬರೆದರು. ಒಟ್ಟುಗೂಡಿದ ಪುಟಗಳ ಸಂಖ್ಯೆ 7,40,000ದ ಆಸುಪಾಸು. ಅದೇ ಕಾಲದಲ್ಲಿ, 1938ರ ಏಪ್ರಿಲ್ 25ರಂದು, ನಮ್ಮ ಗೌರಿಬಿದನೂರಿನ ಮಗ್ಗುಲಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗುಂಡು ಹಾರಿತ್ತು. ಆ ದಿನ ಕಂಡದ್ದನ್ನು ಕಂಡವರು ಮೊಮ್ಮಕ್ಕಳಿಗೆ ಹೇಳಿದರು, ಮೊಮ್ಮಕ್ಕಳು ಮರೆತರು. ನೋಟುಪುಸ್ತಕ ಹಿಡಿದು ಪಕ್ಕದಲ್ಲಿ ಕೂರಬೇಕೆಂದು ಅವರಿಗೆ ಹೇಳಿದ ಶಾಲೆ ಇರಲಿಲ್ಲ. ಕನ್ನಡದಲ್ಲಿ ಸಂಗ್ರಹಕಾರ್ಯ ನಡೆದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹವನ್ನು 1931ರಲ್ಲಿಯೇ ಹೊರತಂದರು. ಆದರೆ ಅದು ದೊಡ್ಡವರ ಕೆಲಸವಾಗಿ ನಡೆಯಿತು, ಮಕ್ಕಳ ಕೆಲಸವಾಗಿ ನಡೆಯಲಿಲ್ಲ.

ಹೀಗೆ ಕಿವಿ ತಿದ್ದಿಕೊಂಡ ನಾಡಿನಲ್ಲಿ ಕಣ್ಣು ತಾನಾಗಿ ತೆರೆಯಿತು. 1960ರ ದಶಕದಲ್ಲಿ ಡಬ್ಲಿನ್ನಿನ ಒಬ್ಬ ಶಿಕ್ಷಕಿ ತನ್ನ ಶಾಲೆಯ ಮಕ್ಕಳು ಬೈಬಲಿನ ಕಥೆಗಳನ್ನು ತಮ್ಮದೇ ಬೀದಿಯ ನುಡಿಯಲ್ಲಿ ಹೇಳುವುದನ್ನು ಧ್ವನಿಮುದ್ರಿಸಿಕೊಂಡಿದ್ದರು. ಸುಮಾರು ನಾಲ್ಕು ದಶಕಗಳ ತರುವಾಯ ಆ ಧ್ವನಿಗೆ ಚಿತ್ರ ಹೊಂದಿಸಿ ಮಾಡಿದ ‘ಗಿವ್ ಅಪ್ ಯರ್ ಔಲ್ ಸಿನ್ಸ್’ ಎಂಬ ಪುಟ್ಟ ಚಿತ್ರವು ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನ ಪಡೆಯಿತು. ಕಿಲ್ಕೆನ್ನಿ ಎಂಬ ಸಣ್ಣ ಪಟ್ಟಣದಲ್ಲಿ 1999ರಲ್ಲಿ ಟಾಮ್ ಮೂರ್, ನೋರಾ ಟೂಮಿ, ಪಾಲ್ ಯಂಗ್ ಎಂಬವರು ‘ಕಾರ್ಟೂನ್ ಸಲೂನ್’ ಸಂಸ್ಥೆಯನ್ನು ತೆರೆದರು. ಅಲ್ಲಿಂದ ಬಂದ ‘ದಿ ಸೀಕ್ರೆಟ್ ಆಫ್ ಕೆಲ್ಸ್’ (2009), ‘ಸಾಂಗ್ ಆಫ್ ದಿ ಸೀ’ (2014), ‘ವುಲ್ಫ್‌ವಾಕರ್ಸ್’ (2020) ಎಂಬ ಮೂರು ಚಿತ್ರಗಳು ಐರಿಷ್ ಜನಪದದ ಮೂರು ಸಂಪುಟಗಳಂತಿವೆ. ಮೂರೂ ಆಸ್ಕರಿಗೆ ನಾಮನಿರ್ದೇಶನಗೊಂಡವು, ಮೂರಕ್ಕೂ ಪ್ರಶಸ್ತಿ ತಪ್ಪಿತು. ಪ್ರಶಸ್ತಿ ಕೊಡುವವರ ರುಚಿಯ ಬಗೆಗೆ ಇಲ್ಲಿ ಚರ್ಚೆ ಬೇಡ.

ಈ ಚಿತ್ರಗಳಲ್ಲಿ ಚಿತ್ರಕಲೆಯ ಮೇಷ್ಟ್ರುಗಳು ಗಮನಿಸತಕ್ಕ ಒಂದು ಸಂಗತಿಯುಂಟು. ‘ವುಲ್ಫ್‌ವಾಕರ್ಸ್’ ಕಥೆ ನಡೆಯುವುದು 1650ರ ಕಿಲ್ಕೆನ್ನಿಯಲ್ಲಿ. ಕೋಟೆಯೊಳಗಿನ ಊರನ್ನು ಆ ಕಲಾವಿದರು ಮರದ ಅಚ್ಚಿನಿಂದ ಒತ್ತಿದಂತೆ, ದಪ್ಪ ಕರಿಗೆರೆಗಳಿಂದ, ನೇರನೇರವಾಗಿ, ಮೂಲೆಮೂಲೆಯಾಗಿ ಬರೆದರು. ಕೋಟೆಯ ಹೊರಗಿನ ಕಾಡನ್ನೂ, ನಿದ್ರಿಸಿದಾಗ ತೋಳವಾಗುವ ಹುಡುಗಿಯನ್ನೂ, ಪೆನ್ಸಿಲಿನ ಮೊದಲ ಗೀಚುಗೆರೆಗಳನ್ನು ಅಳಿಸದೆ ಹಾಗೆಯೇ ಬಿಟ್ಟು, ಗಾಳಿಗೆ ಸಿಕ್ಕ ಹೊಗೆಯಂತೆ ತೇಲುವ ರೇಖೆಗಳಿಂದ ಬರೆದರು. ಯಾರು ಬಂಧಿತರು, ಯಾರು ಸ್ವತಂತ್ರರು ಎಂಬುದನ್ನು ಒಂದು ಮಾತೂ ಆಡದೆ ಗೆರೆಯೇ ಹೇಳಿಬಿಡುತ್ತದೆ. ‘ಕೆಲ್ಸ್’ ಚಿತ್ರಕ್ಕೆ ಆಧಾರ, ಕ್ರಿ.ಶ. 800ರ ಸುಮಾರಿಗೆ ಸನ್ಯಾಸಿಗಳು ಬರೆದು ಚಿತ್ರಿಸಿದ, ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ ‘ಬುಕ್ ಆಫ್ ಕೆಲ್ಸ್’ ಎಂಬ ಗ್ರಂಥ. ಅದರ ಪುಟಗಳು ಕರುವಿನ ತೊಗಲು. ಆ ತೊಗಲಿನ ತುಂಬ ಹಾವುಗಳೂ ಹಕ್ಕಿಗಳೂ ಬಳ್ಳಿಗಳೂ ಒಂದರೊಳಗೊಂದು ಹೊಕ್ಕು, ಮೇಲೆ ಹಾದು ಕೆಳಗೆ ನುಸುಳಿ, ತುದಿಯಾವುದು ಮೊದಲಾವುದು ತಿಳಿಯದಂತೆ ಹೆಣೆದುಕೊಂಡಿವೆ.

ಈ ಹೆಣಿಗೆಯನ್ನು ನೋಡಲು ನಾವು ಡಬ್ಲಿನ್ನಿಗೆ ಹೋಗಬೇಕಾದುದಿಲ್ಲ. ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ, ವಿದುರನು ಸಂಧ್ಯಾವಂದನೆಯಲ್ಲಿ ಅರ್ಘ್ಯ ಕೊಡುವಾಗ ಬೊಗಸೆಗೆ ಬಂದ ಅಶ್ವತ್ಥದ ಸಸಿಯನ್ನು ನೆಟ್ಟನೆಂದು ಹೇಳುವ ಆ ಕ್ಷೇತ್ರದಲ್ಲಿ, ಹರಕೆ ಹೊತ್ತವರು ತಲೆಮಾರುಗಳಿಂದ ಪ್ರತಿಷ್ಠಿಸಿದ ನಾಗರಕಲ್ಲುಗಳು ಸಾಲುಸಾಲಾಗಿ, ಲೆಕ್ಕಕ್ಕೆ ಸಿಗದಷ್ಟು ನಿಂತಿವೆ. ಹಳೆಯ ಅಶ್ವತ್ಥವೃಕ್ಷವು 2001ರಲ್ಲಿ ಉರುಳಿತು, ಕಲ್ಲುಗಳು ಉಳಿದಿವೆ. ಅಲ್ಲಿ ಒಂದು ಕಲ್ಲಿನ ಮುಂದೆ ಕುಳಿತು, ಅರಿಶಿನ ಕುಂಕುಮ ಮೆತ್ತಿದ ಆ ಎರಡು ಹಾವುಗಳ ಮೈಯನ್ನು ಬೆರಳಿನಿಂದ ಹಿಂಬಾಲಿಸಿ ನೋಡಬೇಕು. ಬಲದ ಹಾವು ಎಡಕ್ಕೆ ಹಾದು, ಎಡದ ಹಾವು ಬಲಕ್ಕೆ ನುಸುಳಿ, ಒಂದರ ಮೇಲೊಂದು ಎಂಟರ ಆಕಾರಗಳನ್ನು ರಚಿಸುತ್ತ ಮೇಲೇರಿ, ಕಡೆಗೆ ಎರಡು ಹೆಡೆಗಳು ಎದುರುಬದುರಾಗಿ ನಿಲ್ಲುತ್ತವೆ. ಕೆಲ್ಸಿನ ಸನ್ಯಾಸಿಯು ಈ ಕಲ್ಲನ್ನು ಕಂಡಿದ್ದರೆ ಕಲ್ಕುಟಿಗನನ್ನು ತಮ್ಮನೆಂದು ಅಪ್ಪಿಕೊಳ್ಳುತ್ತಿದ್ದನು. ಇದೇ ಗೆರೆಯನ್ನು ನಮ್ಮ ಹೆಂಗಸರು ಪ್ರತಿದಿನ ಬೆಳಗ್ಗೆ ಬಾಗಿಲಿನ ಮುಂದೆ ಚುಕ್ಕಿಯ ಸುತ್ತ ಸುತ್ತಿ ಎಳೆಯುತ್ತಾರೆ. ಅಮ್ಮ ರಂಗೋಲಿ ಎಳೆಯುವುದನ್ನು ದಿನವೂ ನೋಡುವ ಮಗುವು ಶಾಲೆಗೆ ಬಂದು ಅಡಿಕೋಲಿನಿಂದ ತ್ರಿಕೋಣದ ಬೆಟ್ಟ ಬರೆಯುತ್ತದೆಯಲ್ಲ, ಇದಕ್ಕಿಂತ ವಿಪರ್ಯಾಸ ಬೇರೆ ಬೇಕೆ?

ಇನ್ನು ಚಿತ್ರವನ್ನು ಚಲಿಸುವಂತೆ ಮಾಡುವ ವಿದ್ಯೆ. ‘ಅನಿಮೇಷನ್’ ಎಂಬ ಪದದ ಲ್ಯಾಟಿನ್ ಮೂಲಕ್ಕೆ ಉಸಿರು, ಪ್ರಾಣ ಎಂದರ್ಥ. ನಮ್ಮಲ್ಲಿ ಪ್ರಾಣಪ್ರತಿಷ್ಠೆ ಎನ್ನುವುದುಂಟಲ್ಲ, ಅದೇ. ಸಂಸ್ಕೃತದಲ್ಲಿ ‘ಅನಿಮೇಷ’ವೆಂದರೆ ಕಣ್ಣೆವೆ ಮಿಟುಕಿಸದ್ದು, ದೇವತೆಗಳ ಲಕ್ಷಣ. ಎರಡು ಪದಗಳಿಗೂ ಧಾತುಸಂಬಂಧ ಸ್ವಲ್ಪವೂ ಇಲ್ಲ. ಆದರೆ ಎವೆ ಮಿಟುಕಿಸುವಷ್ಟರಲ್ಲಿ ಹಲವು ಚಿತ್ರಗಳನ್ನು ದಾಟಿಸಿ ಕಣ್ಣನ್ನು ವಂಚಿಸುವ ವಿದ್ಯೆಗೆ ಈ ಹೆಸರು ಒದಗಿದ್ದು ಕಾಕತಾಳೀಯವಾದರೂ ಸೊಗಸಾಗಿದೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ; ಕೈಯಿಂದ ಬರೆಯುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿಗೆ ನಿಲ್ಲಿಸಿ, ಸೆಕೆಂಡಿಗೆ 12 ಚಿತ್ರಗಳಲ್ಲಿ ಕೆಲಸ ಸಾಗಿಸುತ್ತಾರೆ. ಅಂದರೆ ಒಂದು ನಿಮಿಷದ ಕಥೆಗೆ 720 ಚಿತ್ರ. ಸಂಖ್ಯೆ ಕೇಳಿ ಎದೆ ಝಲ್ಲೆನ್ನುವುದು ಸಹಜ. ಆದರೆ ನಲವತ್ತು ಮಕ್ಕಳ ತರಗತಿಯಲ್ಲಿ ತಲೆಗೆ ಹದಿನೆಂಟು ಚಿತ್ರವಾದರೆ ಲೆಕ್ಕ ಚುಕ್ತಾ. ಗೆರೆಯಿಲ್ಲದ ನೋಟುಪುಸ್ತಕದ ಹಾಳೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿಹಿಡಿದರೆ ಕೆಳಗಿನ ಚಿತ್ರ ಮೇಲಿನ ಹಾಳೆಯಲ್ಲಿ ತೋರುತ್ತದೆ. ಅದನ್ನು ಕೂದಲೆಳೆಯಷ್ಟು ಬದಲಿಸಿ ಬರೆಯುತ್ತ ಹೋಗಬೇಕು. ಎರಡು ಇಟ್ಟಿಗೆಗಳ ನಡುವೆ ಅಲುಗಾಡದಂತೆ ನಿಲ್ಲಿಸಿದ ಮೇಷ್ಟ್ರ ಮೊಬೈಲು ಕ್ಯಾಮೆರಾ ಆಗುತ್ತದೆ. ಬೇಕಾಗುವ ಬಂಡವಾಳ ಇಷ್ಟೇ.

ಶಿಡ್ಲಘಟ್ಟದ ಕಡೆಯ ಒಂದು ಶಾಲೆಯಲ್ಲಿ ಮಿತ್ರರಾದ ಚಿತ್ರಕಲಾ ಶಿಕ್ಷಕರ ಜೊತೆಯಲ್ಲಿ ನಾನು ಒಂದು ಮಧ್ಯಾಹ್ನ ಕುಳಿತಿದ್ದೆ. ಮೊದಲ ಅಭ್ಯಾಸಕ್ಕೆ ಅವರು ರೇಷ್ಮೆಹುಳುವನ್ನು ಆರಿಸಿದ್ದರು. ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವ ಹಾಗೆ ಹನ್ನೆರಡು ಚಿತ್ರ ಸಾಕೆಂದು ಹಲಗೆಯ ಮೇಲೆ ಬರೆದು ತೋರಿಸಿದರು. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು, “ಸಾರ್, ಹುಳ ಹಂಗೆ ತಲೆ ಆಡ್ಸಲ್ಲ, ಎಂಟು ಬರೀತೈತೆ” ಎಂದಳು. ಅವಳ ಮನೆಯಲ್ಲಿ ಹುಳು ಮೇಯಿಸುತ್ತಾರೆ. ಹಿಪ್ಪುನೇರಳೆ ಸೊಪ್ಪು ತಿಂದು ನಾಲ್ಕು ಜ್ವರಗಳನ್ನು, ಎಂದರೆ ಪೊರೆಗಳನ್ನು, ಕಳೆದ ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟೊಡನೆ, ತನ್ನ ಸುತ್ತ ಎಂಟರ ಆಕಾರದಲ್ಲಿ ತಲೆ ತಿರುಗಿಸುತ್ತ ನೂಲನ್ನು ಸುತ್ತಿಕೊಳ್ಳುತ್ತದೆ. ರೇಷ್ಮೆ ಶಾಸ್ತ್ರದ ಪುಸ್ತಕಗಳೂ ಇದನ್ನೇ ಹೇಳುತ್ತವೆ. ಮೇಷ್ಟ್ರು ಹಲಗೆ ಒರೆಸಿ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟರು. ಅವಳು ಬರೆದ ಗೆರೆ ನಾಗರಕಲ್ಲಿನ ಗೆರೆಯಾಗಿತ್ತು, ಕೆಲ್ಸಿನ ಗೆರೆಯಾಗಿತ್ತು. ಅವಳಿಗೆ ಅವೆರಡರ ಗೊಡವೆಯೂ ಇರಲಿಲ್ಲ.

ಆ ದಿನದ ಕಥೆ ಬಕಾಸುರನದು. ಚಿಂತಾಮಣಿ ತಾಲ್ಲೂಕಿನ ಕೈವಾರವೇ ದ್ವಾಪರಯುಗದ ಏಕಚಕ್ರಪುರವೆಂದು ಸ್ಥಳಪುರಾಣ. ಭೀಮನು ಬಕನನ್ನು ಕೊಂದು ಮೇಲೊಂದು ಬೆಟ್ಟವನ್ನೇ ಹೇರಿದನೆಂದೂ, ಬಂಡೆಯ ಸಂದಿನಿಂದ ಅವನ ನೆತ್ತರು ಇಂದಿಗೂ ಒಸರುವುದೆಂದೂ ಹೇಳುವ ಹಿರಿಯರುಂಟು. ‘ಸಾಂಗ್ ಆಫ್ ದಿ ಸೀ’ ಚಿತ್ರದಲ್ಲಿಯೂ ಇಂಥವನೇ ಒಬ್ಬನಿದ್ದಾನೆ: ಮಗನ ದುಃಖವನ್ನು ನೋಡಲಾರದ ತಾಯಿಯು ಕಲ್ಲಾಗಿಸಿದ ಮ್ಯಾಕ್ ಲಿರ್ ಎಂಬ ದೈತ್ಯ, ಕಡಲಿನ ನಡುವೆ ದ್ವೀಪವಾಗಿ ಕುಳಿತವನು. ಕಣ್ಣೆದುರಿನ ಬೆಟ್ಟವನ್ನು ಬಿದ್ದ ದೈತ್ಯನನ್ನಾಗಿ ಕಾಣುವ ಕಣ್ಣು ಎರಡು ನಾಡಿಗೂ ಒಂದೇ. ಇಂಥ ಕಥೆಗಳನ್ನು ಶಾಲೆಯಲ್ಲಿ ಹೇಳಿದರೆ ಮೂಢನಂಬಿಕೆ ಬೆಳೆಯುವುದಿಲ್ಲವೇ ಎಂಬ ಶಂಕೆ ಕೆಲವರಿಗುಂಟು. ಪವಾಡಗಳನ್ನು ಪರೀಕ್ಷೆಗೆ ಒಡ್ಡಿದ ಎಚ್. ನರಸಿಂಹಯ್ಯನವರು ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು. ಆ ಪರಂಪರೆಯ ಜನಕ್ಕೆ ಶಂಕೆ ಬರುವುದು ತಪ್ಪಲ್ಲ. ಆದರೆ ಬಂಡೆಯ ಕೆಂಪು ನೆತ್ತರಲ್ಲವೆಂದು ತಿಳಿದೂ ಅದನ್ನು ನೆತ್ತರೆಂದು ಬರೆಯಬಲ್ಲ ಮಗುವಿಗೆ, ಕಥೆಗೂ ಸಂಗತಿಗೂ ಇರುವ ಅಂತರವು ನಮಗಿಂತ ಚೆನ್ನಾಗಿ ತಿಳಿದಿರುತ್ತದೆ.

ಬಕನ ಕಥೆಯಲ್ಲಿ ಚಿತ್ರಕಾರನಿಗೆ ಸಿಗುವ ರತ್ನ ಯಾವುದೆಂದರೆ ಭೀಮನ ಊಟ. ಬಂಡಿಯ ತುಂಬ ಅನ್ನ. ಭೀಮನು ರಾಕ್ಷಸನಿಗೆ ಬೆನ್ನು ಹಾಕಿ ಕುಳಿತು ತುತ್ತಿನ ಮೇಲೆ ತುತ್ತು ಇಳಿಸುತ್ತಿದ್ದಾನೆ. ಬಕನು ಓಡಿಬಂದು ಆ ಬೆನ್ನಿನ ಮೇಲೆ ಗುದ್ದುತ್ತಾನೆ, ಮರ ಕಿತ್ತು ಬಡಿಯುತ್ತಾನೆ. ಭೀಮನು ತಿರುಗಿಯೂ ನೋಡುವುದಿಲ್ಲ. ಮಕ್ಕಳು ಮೊದಲು ಬರೆದ ಚಿತ್ರಗಳಲ್ಲಿ ಎಲ್ಲವೂ ಚಲಿಸುತ್ತಿತ್ತು: ಗುದ್ದಿಗೆ ಗುದ್ದಿಗೆ ಭೀಮನು ಜೋಲಿ ಹೊಡೆಯುತ್ತಿದ್ದನು, ಎತ್ತುಗಳು ಕುಣಿಯುತ್ತಿದ್ದವು, ಬಂಡಿಯೂ ನಡುಗುತ್ತಿತ್ತು. ಪುಟಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟು ನೋಡಿದರೆ ಒಟ್ಟು ಗದ್ದಲ, ನಗು ಬರಲಿಲ್ಲ. ಆಗ ಮೇಷ್ಟ್ರು, “ಭೀಮನ ಬೆನ್ನು ಕದಲಿಸಬೇಡ್ರೋ, ಬಲಗೈ ಒಂದೇ ಆಡಲಿ” ಎಂದರು. ಮತ್ತೆ ಬರೆದರು. ಈ ಸಲ ಬೆನ್ನು ಬಂಡೆಯಂತೆ ನಿಂತಿತು, ಕೈ ಮಾತ್ರ ಬಂಡಿಯಿಂದ ಬಾಯಿಗೆ, ಬಾಯಿಂದ ಬಂಡಿಗೆ ಸಾವಕಾಶವಾಗಿ ಹೋಗಿಬಂದಿತು, ಹಿಂದೆ ಬಕನು ಕುಪ್ಪಳಿಸಿ ಕುಪ್ಪಳಿಸಿ ಸೋತನು. ತರಗತಿಯೆಲ್ಲ ಗೊಳ್ಳೆಂದಿತು. ಏನನ್ನು ಚಲಿಸದೆ ಬಿಡಬೇಕೆಂಬುದೇ ಈ ವಿದ್ಯೆಯ ಮೊದಲ ಗುಟ್ಟು. ದೊಡ್ಡ ದೊಡ್ಡ ಸ್ಟುಡಿಯೋಗಳಲ್ಲಿಯೂ ಇದನ್ನು ಕಲಿಯಲು ವರ್ಷಗಳು ಹಿಡಿಯುತ್ತವೆ.

ಈ ಗುಟ್ಟು ನಮ್ಮ ತೊಗಲುಗೊಂಬೆಯವರಿಗೆ ಗೊತ್ತಿತ್ತು. ಆಡಿನ ತೊಗಲನ್ನು ಹದಮಾಡಿ, ಹೆರೆದು, ಪಾರದರ್ಶಕವಾಗುವಷ್ಟು ತೆಳುವಾಗಿಸಿ, ಆಕೃತಿಯನ್ನು ಬರೆದು, ಉಳಿಯಿಂದ ರಂಧ್ರ ಕೊರೆದು, ಬಣ್ಣ ಹಚ್ಚಿ, ಕೈಕಾಲುಗಳನ್ನು ದಾರದಿಂದ ಸಡಿಲವಾಗಿ ಕಟ್ಟಿದ ಆ ಗೊಂಬೆಗಳಲ್ಲಿ ರಾವಣನಿಗೆ ಆಡುವುದು ಒಂದೇ ಕೈಯಾದರೂ ಲಂಕೆ ನಡುಗುತ್ತದೆ. ಗಂಭೀರ ಪಾತ್ರಗಳು ಹೀಗೆ ಸ್ಥಿರವಾಗಿರುವಾಗ ಕಿಳ್ಳೇಕ್ಯಾತ ಬಂಗಾರಕ್ಕರು ಮಾತ್ರ ಮೈಯೆಲ್ಲ ಕುಣಿಸಿ ಊರನ್ನು ನಗಿಸುತ್ತಾರೆ. ಮಳೆ ಬಾರದ ವರ್ಷ ಗೊಂಬೆಯಾಟ ಆಡಿಸಿದರೆ ಮಳೆಯಾಗುವುದೆಂಬ ನಂಬಿಕೆಯಿಂದ ಹಳ್ಳಿಗಳು ಈ ಗೊಂಬೆಯಾಟದವರನ್ನು ಕರೆಸುತ್ತಿದ್ದವು. ಇಂಥ ಗೊಂಬೆಗಳು ಸಿನಿಮಾಕ್ಕೂ ಒದಗಿದವು: ಜರ್ಮನಿಯ ಲೋಟೆ ರೈನಿಗರ್ ಎಂಬಾಕೆ ಕಾಗದದ ನೆರಳುಗೊಂಬೆಗಳನ್ನು ಕತ್ತರಿಸಿ, ಕೀಲುಗಳಲ್ಲಿ ತಂತಿ ಕಟ್ಟಿ, ಒಂದೊಂದು ಚೌಕಟ್ಟಿಗೆ ಒಂದಿಷ್ಟು ಸರಿಸುತ್ತ 1926ರಲ್ಲಿ ಪೂರ್ಣಾವಧಿಯ ಚಿತ್ರವನ್ನೇ ಮಾಡಿದಳು. ಡಿಸ್ನಿಯವರ ‘ಸ್ನೋ ವೈಟ್’ ಬಂದದ್ದು ಅದಕ್ಕೆ ಹನ್ನೊಂದು ವರ್ಷ ತರುವಾಯ. ನಮ್ಮಲ್ಲಿ ಎಂ.ಎಸ್. ನಂಜುಂಡರಾಯರು ಕರ್ನಾಟಕದ ತೊಗಲುಗೊಂಬೆಗಳನ್ನು ಸಂಗ್ರಹಿಸಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಾಪಾಡಿಟ್ಟರು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಶಾಲಾ ಪ್ರವಾಸ ಹೊರಡುವ ಮೇಷ್ಟ್ರುಗಳು ವಿಧಾನಸೌಧದ ಮುಂದೆ ಫೋಟೋ ಹಿಡಿಸಿಕೊಂಡು ಲಾಲ್‌ಬಾಗಿನಲ್ಲಿ ಬುತ್ತಿ ಬಿಚ್ಚುವ ಮೊದಲು ಇಲ್ಲಿಗೂ ಒಂದು ಗಂಟೆ ಬಂದು ಹೋಗಬಾರದೇಕೆ?

ರೂಪಾಂತರವೆಂಬುದು ಈ ಕಲೆಗೆ ಹೇಳಿಮಾಡಿಸಿದ ವಸ್ತು. ಐರಿಷರ ಹುಡುಗಿ ತೋಳವಾಗುತ್ತಾಳೆ. ನಮ್ಮ ಹುಡುಗಿ, ಎ.ಕೆ. ರಾಮಾನುಜನ್ನರು ಲೋಕಕ್ಕೆಲ್ಲ ಪರಿಚಯ ಮಾಡಿಸಿದ ಆ ಕನ್ನಡ ಕಥೆಯಲ್ಲಿ, ಎರಡು ಕೊಡ ನೀರು ಹೊಯ್ಯಿಸಿಕೊಂಡು ಹೂವಿನ ಮರವಾಗುತ್ತಾಳೆ. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರವನ್ನು ಮಾಡಿದ್ದು ಇದನ್ನೇ ಆಧರಿಸಿ. ನಟಿಯನ್ನಿಟ್ಟು ಕ್ಯಾಮೆರಾದಲ್ಲಿ ಇದನ್ನು ತೋರಿಸಲು ಹೆಣಗಬೇಕು. ಪೆನ್ಸಿಲಿಗೆ ಹನ್ನೆರಡು ಹಾಳೆ ಸಾಕು. ಬೆರಳು ಉದ್ದವಾಗಿ ರೆಂಬೆಯಾಗುವುದು, ಜಡೆ ಬಿಚ್ಚಿ ಬಿಳಲಾಗುವುದು, ಕಡೆಯ ಹಾಳೆಯಲ್ಲಿ ಕಣ್ಣಿದ್ದ ಕಡೆ ಹೂವು. ನಮ್ಮ ಗೋವಿನ ಹಾಡಿನ ಪುಣ್ಯಕೋಟಿಯೂ 2020ರಲ್ಲಿ ಬೆಂಗಳೂರಿನವರ ಶ್ರಮದಿಂದ ಅನಿಮೇಷನ್ ಚಿತ್ರವಾಗಿ ಬಂದಳು. ಮಾತಾಡಿದ್ದು ಮಾತ್ರ ಸಂಸ್ಕೃತದಲ್ಲಿ. ಸಾಹಸವನ್ನು ಮೆಚ್ಚುತ್ತೇನೆ, ಆದರೆ ಆ ಹಸುವು ಕನ್ನಡದಲ್ಲಿ ಅಂಬಾ ಎಂದಿದ್ದರೆ ನನ್ನ ಕಣ್ಣು ಇನ್ನೂ ಬೇಗ ತೇವವಾಗುತ್ತಿತ್ತು.

ಭಾಷೆಯ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಮಕ್ಕಳಿಗೆ ಅಜ್ಜಿ ಕಥೆ ಹೇಳುವುದು ತೆಲುಗಿನಲ್ಲಿ. ಶಿಡ್ಲಘಟ್ಟ ಚಿಂತಾಮಣಿಗಳ ಎಷ್ಟೋ ಮನೆಗಳಲ್ಲಿ ಉರ್ದುವಿನಲ್ಲಿ. ಅವರು ಶಾಲೆಯಲ್ಲಿ ಬರೆಯುವುದು ಕನ್ನಡದಲ್ಲಿ. ಬಳೆ ಮಾರುತ್ತ ಊರೂರು ತಿರುಗಿ ಯೋಗಿಯಾದ ಕೈವಾರ ತಾತಯ್ಯನವರು ಕನ್ನಡ ತೆಲುಗುಗಳೆರಡರಲ್ಲಿಯೂ ಹಾಡಿದರು. ಅವರನ್ನು ಯಾವ ಭಾಷೆಯವರೆಂದು ಕೇಳಿದವರಿಲ್ಲ. ಐರ್ಲೆಂಡಿನ ಆ ನೋಟುಪುಸ್ತಕಗಳಲ್ಲಿಯೂ ಕೆಲವು ಐರಿಷಿನಲ್ಲಿವೆ, ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಮಗುವು ಕೇಳಿದ ಭಾಷೆಯಲ್ಲಿಯೇ ಕಥೆಯನ್ನು ತರಗತಿಯಲ್ಲಿ ಹೇಳಲಿ, ಆ ಧ್ವನಿಯನ್ನೇ ಚಿತ್ರಕ್ಕೆ ಹಿಡಿದುಕೊಳ್ಳೋಣ; ಕನ್ನಡವು ಅಕ್ಷರವಾಗಿ ಕೆಳಗೆ ಬಂದರಾಯಿತು. ಚಿತ್ರಕಲೆಯ ತರಗತಿಯೊಂದೇ ಈ ಉದಾರತೆಯನ್ನು ತೋರಬಲ್ಲ ಸ್ಥಳ, ಏಕೆಂದರೆ ಅಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯುವುದಿಲ್ಲ.

ಟಾಮ್ ಮೂರ್ ‘ಸಾಂಗ್ ಆಫ್ ದಿ ಸೀ’ ಚಿತ್ರಕ್ಕೆ ಕೈಹಾಕಿದುದಕ್ಕೆ ಒಂದು ಕಾರಣ ಹೇಳುವುದುಂಟು. ಮಗನೊಡನೆ ಪಡುಗಡಲಿನ ತೀರಕ್ಕೆ ಹೋಗಿದ್ದಾಗ, ಯಾರೋ ಕೊಂದು ಎಸೆದ ಸೀಲ್‌ಪ್ರಾಣಿಗಳನ್ನು ಕಂಡರು. ಮೀನು ಕಡಿಮೆಯಾದುದಕ್ಕೆ ಬೆಸ್ತರು ಅವುಗಳ ಮೇಲೆ ಸಿಟ್ಟು ತೀರಿಸಿಕೊಂಡಿದ್ದರು. ಊರಿನ ಒಬ್ಬ ಹೆಂಗಸು, ಹಿಂದಿನ ಕಾಲದಲ್ಲಿ ಇದು ಆಗುತ್ತಿರಲಿಲ್ಲ, ಸೀಲಿನ ತೊಗಲಿನೊಳಗೆ ನಮ್ಮ ಮುಳುಗಿಹೋದ ಬಂಧುಗಳಿರುವರೆಂಬ ಕಥೆಯನ್ನು ಜನ ಆಗ ನಂಬಿದ್ದರು ಎಂದಳಂತೆ. ನಮ್ಮ ಜಿಲ್ಲೆಯಲ್ಲಿ ಕಲ್ಲುಕ್ವಾರಿಯ ಸಿಡಿಮದ್ದಿನ ಸದ್ದು ದಿನವೂ ಕೇಳುತ್ತದೆ. ಯಾವ ಗುಡ್ಡದ ಕೆಳಗೆ ಯಾವ ರಾಕ್ಷಸ ಮಲಗಿದ್ದಾನೆಂದು ಬಲ್ಲ ಮುದುಕಿಯರು ಊರಿಗೆ ಇಬ್ಬರೋ ಮೂವರೋ ಉಳಿದಿದ್ದಾರೆ.

ಆದುದರಿಂದ ನಮ್ಮ ಜಿಲ್ಲೆಯ ಚಿತ್ರಕಲಾ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಶನಿವಾರ ಮಕ್ಕಳಿಗೆ ಬೆಟ್ಟ ಬರೆಯಲು ಹೇಳಬೇಡಿ. ನಿಮ್ಮ ಊರಿನ ಬೆಟ್ಟ ಅಲ್ಲಿಗೆ ಹೇಗೆ ಬಂತೆಂದು ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿ. ಸೋಮವಾರ ಬಂದ ಉತ್ತರಗಳಲ್ಲಿ ಒಂದನ್ನು ಆರಿಸಿ, ತಲೆಗೆ ಹದಿನೆಂಟು ಹಾಳೆ ಹಂಚಿ. ಗೆರೆ ಹೇಗಿರಬೇಕೆಂಬ ಅನುಮಾನ ಬಂದರೆ ಮಕ್ಕಳನ್ನು ಕರೆದುಕೊಂಡು ನಾಗರಕಲ್ಲುಗಳ ಮುಂದೆ ಅರ್ಧ ದಿನ ಕುಳಿತು ಬನ್ನಿ. ಗೌರಿಬಿದನೂರಿನಿಂದ ವಿದುರಾಶ್ವತ್ಥಕ್ಕೆ ಆರೇಳು ಕಿಲೋಮೀಟರಿಗಿಂತ ಹೆಚ್ಚಿಲ್ಲ.